ಮಳೆ ಬಂದರೆ ಮೂರನೇ ಗೇರಿಗೆ ನಿಲ್ಲುವ ಕಾರು

ಪ್ರಶ್ನೆ: ನಮ್ಮದು ಏಳು ವರ್ಷ ಹಳೆಯ ಆಟೋಮ್ಯಾಟಿಕ್ ಕಾರು. ಎರಡು ಮಳೆಗಾಲದಿಂದ ಒಂದೇ ತೊಂದರೆ. ಜಡಿಮಳೆ ಹಿಡಿದ ದಿನ ಹೊರಟರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಆಮೇಲೆ ಗಾಡಿ ಮೂರನೇ ಗೇರು ಬಿಟ್ಟು ಕದಲುವುದಿಲ್ಲ. ಏರು ಬಂದರೆ ಎಳೆಯುವುದಿಲ್ಲ. ಚಾವಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಸರಿಯಾಗುತ್ತದೆ. ಬೇಸಿಗೆಯಲ್ಲಿ ಏನೂ ಇಲ್ಲ. ಈಚೆಗೆ ಬೆಳಿಗ್ಗೆ ಒಮ್ಮೊಮ್ಮೆ ಲಿವರ್ ‘ಪಿ’ಯಿಂದ ಹೊರಗೇ ಬರುವುದಿಲ್ಲ. ಗ್ಯಾರೇಜಿನವರು ಗೇರ್ ಬಾಕ್ಸಿನ ಕಂಪ್ಯೂಟರ್ ಹೋಗಿದೆ, ಬಾಕ್ಸನ್ನೂ ಇಳಿಸಿ ನೋಡಬೇಕು ಎಂದು ದೊಡ್ಡ ಮೊತ್ತ ಹೇಳಿದ್ದಾರೆ. ಕಾರು ಕೊಟ್ಟಿಗೆ ಪಕ್ಕದ ಸೋಗೆ ಮಾಡಿನ ಕೆಳಗೆ ನಿಲ್ಲುತ್ತದೆ. ಅಷ್ಟು ಖರ್ಚು ಮಾಡಲೇಬೇಕೇ? ನಮ್ಮ ಕಡೆಯ ಎಲೆಕ್ಟ್ರೀಷಿಯನ್ ಕೈಯಲ್ಲಿ ಆಗುವ ಕೆಲಸವೇ?

— ಓದುಗರೊಬ್ಬರು, ಮನ್ಮನೆ, ಸಿದ್ದಾಪುರ ತಾಲೂಕು

ಉತ್ತರ: ಗೇರ್ ಬಾಕ್ಸ್ ಇಳಿಸಲು ಈಗಲೇ ಒಪ್ಪಬೇಡಿ. ಕಂಪ್ಯೂಟರ್ ಬದಲಿಸಲೂ ಒಪ್ಪಬೇಡಿ. ನಿಮ್ಮ ಪತ್ರದಲ್ಲೇ ಬೇಕಾದಷ್ಟು ಸುಳಿವುಗಳಿವೆ. ಅವನ್ನು ಒಂದೊಂದಾಗಿ ನೋಡಿದರೆ ದೋಷ ಬಾಕ್ಸಿನ ಒಳಗಿರುವುದಕ್ಕಿಂತ ಅದಕ್ಕೆ ಹೋಗುವ ವೈರು, ಕನೆಕ್ಟರ್, ಬ್ಯಾಟರಿಯಲ್ಲಿ ಇರುವ ಸಂಭವವೇ ಬಹಳ ಹೆಚ್ಚು.

ಚಾವಿ ತೆಗೆದು ಹಾಕಿದರೆ ಸರಿಯಾಗುತ್ತದೆ ಎಂದು ಬರೆದಿದ್ದೀರಿ. ಸವೆದ ಕ್ಲಚ್ ಪ್ಲೇಟಾಗಲಿ, ಒಡೆದ ಬೇರಿಂಗಾಗಲಿ ಚಾವಿ ತೆಗೆದ ಮಾತ್ರಕ್ಕೆ ವಾಸಿಯಾಗುವುದಿಲ್ಲ. ಬೇಸಿಗೆಯಲ್ಲಿ ಗುಣವಾಗಿ ಮಳೆಗಾಲದಲ್ಲಿ ಮರುಕಳಿಸುವುದೂ ಇಲ್ಲ. ನೀರಿಗೆ ಹೆದರುವುದು ವಿದ್ಯುತ್ತು. ಇನ್ನು ಲಿವರಿನಲ್ಲಿ ‘ಪಿ’ ಇದೆ ಎಂದಮೇಲೆ ನಿಮ್ಮದು ನಮ್ಮ ಕಡೆ ಹೆಚ್ಚು ಕಾಣುವ ಎಎಂಟಿ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದಿಂದ ಜನಪ್ರಿಯವಾದ ಎಎಂಟಿ ಎಂದರೆ ಸಾಮಾನ್ಯ ಗೇರ್ ಬಾಕ್ಸೇ. ಕ್ಲಚ್ ಒತ್ತುವ ಕೆಲಸವನ್ನೂ ಗೇರು ಹಾಕುವ ಕೆಲಸವನ್ನೂ ನಮ್ಮ ಬದಲು ಯಂತ್ರ ಮಾಡುತ್ತದೆ. ಅಂಥ ಕಾರುಗಳ ಲಿವರಿನಲ್ಲಿ ಸಾಮಾನ್ಯವಾಗಿ ‘ಪಿ’ ಇರುವುದಿಲ್ಲ. ಮೂರನೇ ಗೇರಿನಲ್ಲಿ ನಿಲ್ಲುತ್ತದೆ ಎಂದಮೇಲೆ ಬೆಲ್ಟಿನ ಮೇಲೆ ಓಡುವ, ಬಿಡಿ ಗೇರುಗಳೇ ಇಲ್ಲದ ಸಿವಿಟಿಯೂ ಅಲ್ಲ. ಹಾಗಾದರೆ ಹೆಚ್ಚಿನ ಸಂಭವ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಇರುವ, ಎಣ್ಣೆಯ ಒತ್ತಡದಿಂದ ಗೇರು ಬದಲಿಸುವ ಹಳೆಯ ಗಟ್ಟಿ ಜಾತಿ. ಚೆನ್ನಾಗಿ ನೋಡಿಕೊಂಡರೆ ಬಹುಕಾಲ ಬಾಳುವ ಯಂತ್ರ ಅದು. ಏಳೇ ವರ್ಷಕ್ಕೆ ಅದನ್ನು ಬಿಚ್ಚಿ ಹರವಬೇಕು ಎಂದರೆ ಬಲವಾದ ಕಾರಣ ಬೇಕು.

ಅದರೊಳಗೆ ನಡೆಯುವುದು ಇಷ್ಟು. ಬಾಕ್ಸಿನ ಒಳಗೆ ಎಣ್ಣೆಯ ದಾರಿಗಳಿರುವ ಒಂದು ದಪ್ಪ ಅಲ್ಯೂಮಿನಿಯಂ ಹಲಗೆ ಇರುತ್ತದೆ. ಅದಕ್ಕೆ ವಾಲ್ವ್ ಬಾಡಿ ಎನ್ನುತ್ತಾರೆ. ಅದರ ಮೇಲೆ ಹೆಬ್ಬೆರಳು ಗಾತ್ರದ ಸೊಲೆನಾಯ್ಡ್‌ಗಳು ಕೂತಿರುತ್ತವೆ. ಸೊಲೆನಾಯ್ಡ್ ಎಂದರೆ ತಾಮ್ರದ ತಂತಿ ಸುತ್ತಿದ ಸುರುಳಿ, ನಡುವೆ ಒಂದು ಕಬ್ಬಿಣದ ಕಡ್ಡಿ. ಕರೆಂಟು ಹರಿದಾಗ ಕಡ್ಡಿ ಸರಿದು ಎಣ್ಣೆಯ ಒಂದು ದಾರಿ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಎಣ್ಣೆ ಯಾವ ಕ್ಲಚ್ಚನ್ನು ಒತ್ತಿತೋ ಅದಕ್ಕೆ ತಕ್ಕ ಗೇರು ಬೀಳುತ್ತದೆ. ಯಾವಾಗ ಯಾವುದನ್ನು ತೆರೆಯಬೇಕು ಎಂದು ನಿರ್ಧರಿಸುವುದು ಟಿಸಿಎಂ ಎಂಬ ಚಿಕ್ಕ ಕಂಪ್ಯೂಟರು. ಬಾಕ್ಸಿಗೆ ಒಳಬರುವ ಶಾಫ್ಟು ಎಷ್ಟು ಸುತ್ತುತ್ತಿದೆ, ಹೊರಹೋಗುವುದು ಎಷ್ಟು, ಎಣ್ಣೆ ಎಷ್ಟು ಬಿಸಿಯಾಗಿದೆ, ಲಿವರ್ ಎಲ್ಲಿದೆ, ಬ್ರೇಕಿನ ಮೇಲೆ ಕಾಲಿದೆಯೇ ಎಂಬುದನ್ನೆಲ್ಲ ಅದು ಸೆನ್ಸರುಗಳಿಂದ ತಿಳಿಯುತ್ತದೆ. ಈ ಮಾಹಿತಿಯಲ್ಲಿ ಒಂದು ತಪ್ಪಿದರೂ, ಒಂದು ಸೊಲೆನಾಯ್ಡಿಗೆ ಹೋದ ಕರೆಂಟು ಸರಿಯಾಗಿ ಮರಳದಿದ್ದರೂ ಟಿಸಿಎಂ ಅಂದಾಜಿನ ಮೇಲೆ ಗೇರು ಹಾಕುವ ಗೋಜಿಗೆ ಹೋಗುವುದಿಲ್ಲ. ಎಲ್ಲ ಸೊಲೆನಾಯ್ಡ್‌ಗಳ ಕರೆಂಟು ನಿಲ್ಲಿಸಿ ಸುಮ್ಮನಾಗುತ್ತದೆ. ಕರೆಂಟು ಇಲ್ಲದಾಗ ಎಣ್ಣೆ ತಾನಾಗಿ ಯಾವುದಾದರೂ ಒಂದು ಗೇರಿಗೆ ಹರಿಯುವಂತೆ ಬಾಕ್ಸನ್ನು ಕಟ್ಟಿರುತ್ತಾರೆ. ನಾಲ್ಕು ಗೇರಿನ ಅನೇಕ ಬಾಕ್ಸುಗಳಲ್ಲಿ ಅದು ಮೂರನೆಯದು. ಮೆಕ್ಯಾನಿಕ್‌ಗಳು ಇದನ್ನು ಲಿಂಪ್ ಮೋಡ್ ಎನ್ನುತ್ತಾರೆ. ಚಾವಿ ತೆಗೆದು ಹಾಕಿದಾಗ ಟಿಸಿಎಂ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡುತ್ತದೆ. ಆ ಹೊತ್ತಿಗೆ ದೋಷ ಕಾಣದಿದ್ದರೆ ಗೇರುಗಳನ್ನು ಮರಳಿ ಕೊಡುತ್ತದೆ. ನಿಮ್ಮ ಕಾರು ಮೂರನೇ ಗೇರಿಗೆ ನಿಲ್ಲುವುದು ಬಾಕ್ಸು ಕೆಟ್ಟಿರುವುದಕ್ಕೆ ಸಾಕ್ಷಿ ಆಗುವುದಿಲ್ಲ. ಬಾಕ್ಸು ಕೆಡದ ಹಾಗೆ ಅದು ತನ್ನನ್ನು ಕಾಯ್ದುಕೊಳ್ಳುತ್ತಿದೆ.

ಪರೀಕ್ಷೆಯನ್ನು ಬ್ಯಾಟರಿಯಿಂದ ಶುರುಮಾಡಿ. ಇದು ಯಾರಿಗೂ ರುಚಿಸದ ಸಲಹೆ, ಆದರೂ ಇದೇ ಮೊದಲು. ನಮ್ಮ ತಾಲೂಕುಗಳಲ್ಲಿ ಆಷಾಢದ ಮಳೆ ಹಿಡಿದರೆ ಕಾರು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ತೆಗೆದರೂ ಪೇಟೆಗೆ ಹೋಗಿ ಬರುವಷ್ಟೇ ಓಟ, ಅದೂ ವೈಪರ್, ಹೆಡ್‌ಲೈಟ್, ಗಾಜಿನ ಮಂಜು ತೆಗೆಯುವ ಬ್ಲೋವರ್ ಎಲ್ಲ ಹಾಕಿಕೊಂಡು. ಬ್ಯಾಟರಿ ಚಾರ್ಜ್ ಆಗಲು ಬಿಡುವೇ ಸಿಗುವುದಿಲ್ಲ. ರಾತ್ರಿ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಮಲ್ಟಿಮೀಟರಿನಲ್ಲಿ ಅಳೆದರೆ 12.6 ವೋಲ್ಟ್ ಸುತ್ತಮುತ್ತ ಇರಬೇಕು. 12.2 ಬಂದರೆ ಅರ್ಧ ಖಾಲಿ. ಸ್ಟಾರ್ಟರ್ ತಿರುಗುವಾಗ ಎಷ್ಟಕ್ಕೆ ಇಳಿಯುತ್ತದೆ ಎಂದು ಇನ್ನೊಬ್ಬರಿಂದ ನೋಡಿಸಿ, 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯ ಮೇಲೆ ಭರವಸೆ ಬೇಡ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಸಿಗಬೇಕು. ವೋಲ್ಟೇಜ್ ಬಿದ್ದಾಗ ಟಿಸಿಎಂ ಸೆನ್ಸರುಗಳ ಲೆಕ್ಕವನ್ನು ತಪ್ಪಾಗಿ ಓದುತ್ತದೆ, ಇಲ್ಲದ ದೋಷವನ್ನು ಇದೆ ಎಂದು ಬರೆದಿಡುತ್ತದೆ. ಬ್ಯಾಟರಿಯ ನೆಗೆಟಿವ್ ಕೇಬಲ್ಲು ಬಾಡಿಗೆ ಸೇರುವ ಜಾಗ, ಅಲ್ಲಿಂದ ಗೇರ್ ಬಾಕ್ಸಿಗೆ ಹೋಗುವ ಅರ್ಥಿಂಗ್ ಪಟ್ಟಿ, ಇವೆರಡನ್ನೂ ಬಿಚ್ಚಿ ಎಮರಿ ಕಾಗದದಲ್ಲಿ ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿಯಿರಿ. ನಮ್ಮ ಕಡೆ ಈ ಬೋಲ್ಟುಗಳ ಕೆಳಗೆ ತುಕ್ಕು ಕೂರದ ಕಾರೇ ಅಪರೂಪ.

ಎರಡನೆಯದು, ಲಿವರ್ ‘ಪಿ’ಯಲ್ಲಿ ಸಿಕ್ಕಿಕೊಳ್ಳುವ ವಿಷಯ. ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿ ಒಂದು ಚಿಕ್ಕ ಸ್ವಿಚ್ಚಿದೆ. ಹಿಂದಿನ ಕೆಂಪು ದೀಪ ಹತ್ತುವುದು ಅದರಿಂದಲೇ. ಲಿವರಿನ ಬೀಗ ತೆರೆಯುವುದೂ ಅದು ಕಳಿಸುವ ಸೂಚನೆಯಿಂದಲೇ. ಟಾರ್ಕ್ ಕನ್ವರ್ಟರಿನ ಲಾಕ್ ಬಿಡಿಸಲು ಟಿಸಿಎಂ ನೋಡುವುದೂ ಅದೇ ಸೂಚನೆಯನ್ನು. ಬೆಳಿಗ್ಗೆ ಲಿವರ್ ಹಿಡಿದುಕೊಂಡಾಗ ಮನೆಯವರಲ್ಲಿ ಒಬ್ಬರನ್ನು ಕಾರಿನ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ದೀಪ ಹತ್ತದಿದ್ದರೆ ಸ್ವಿಚ್ಚು ಅಥವಾ ಅದರ ಫ್ಯೂಸು ಹೋಗಿದೆ. ಇದು ಬಹಳ ಅಗ್ಗದ ಬಿಡಿಭಾಗ, ಸಾಧಾರಣ ಎಲೆಕ್ಟ್ರೀಷಿಯನ್ ಕೂಡ ಹಾಕಬಲ್ಲರು. ದೀಪ ಹತ್ತಿಯೂ ಲಿವರ್ ಬರದಿದ್ದರೆ ಲಿವರಿನ ಬುಡದ ಸೊಲೆನಾಯ್ಡ್ ನೋಡಬೇಕು, ಇಲ್ಲವೇ ಬ್ಯಾಟರಿ ಸೋತಿದೆಯೇ ನೋಡಬೇಕು. ಲಿವರಿನ ಪಕ್ಕದಲ್ಲಿ ಸಣ್ಣ ಮುಚ್ಚಳವಿದ್ದರೆ ಅದನ್ನು ತೆಗೆದು, ಬ್ರೇಕ್ ಒತ್ತಿ ಹಿಡಿದು, ಒಳಗೆ ಚಾವಿ ತುದಿಯಿಂದ ಒತ್ತಿದರೆ ಬೀಗ ಬಿಡುತ್ತದೆ. ಅದು ಆಪತ್ತಿಗೆ ಮಾತ್ರ. ಬ್ರೇಕ್ ದೀಪ ಹತ್ತದ ಕಾರನ್ನು ಮಂಜು ಮುಸುಕಿದ ಘಟ್ಟದ ರಸ್ತೆಗೆ ದಯವಿಟ್ಟು ಒಯ್ಯಬೇಡಿ.

ಇವೆರಡೂ ಸರಿಯಿದ್ದರೆ ಮುಂದಿನದು ಸ್ಕ್ಯಾನರ್. ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನಿನ ಒಂದು ಕನೆಕ್ಟರ್ ಇದೆ. ಫೋನಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಎಷ್ಟೋ ಸಲ ಎಂಜಿನ್ನಿನ ಕೋಡುಗಳನ್ನು ಮಾತ್ರ ಓದುತ್ತವೆ. ಅಲ್ಲಿ ಪಿ 0700 ಎಂಬ ಕೋಡು ಕಂಡರೆ ಅದರ ಅರ್ಥ ‘ಗೇರ್ ಬಾಕ್ಸಿನ ಕಂಪ್ಯೂಟರ್ ಏನೋ ಹೇಳುತ್ತಿದೆ, ಅದನ್ನು ಕೇಳಿ’ ಎಂದಷ್ಟೇ. ಈ ಒಂದು ಕೋಡನ್ನು ನೋಡಿ ಬಾಕ್ಸು ಹೋಗಿದೆ ಎಂದು ತೀರ್ಪು ಕೊಡುವವರಿದ್ದಾರೆ. ಒಪ್ಪಬೇಡಿ. ಟಿಸಿಎಂ ಒಳಗೆ ಹೋಗಿ ಓದಬಲ್ಲ ಸ್ಕ್ಯಾನರ್ ಇರುವವರ ಬಳಿ ಹೋಗಿ, ಕೋಡುಗಳ ಪರದೆಯ ಫೋಟೊ ತೆಗೆದುಕೊಳ್ಳಿ. ಅಳಿಸುವುದು ಆಮೇಲೆ. ಬರೆದಿಡದೆ ಅಳಿಸಿದರೆ ಮುಂದಿನ ಜಡಿಮಳೆಯ ತನಕ ಕಾಯಬೇಕಾಗುತ್ತದೆ.

ಈ ಕೋಡುಗಳನ್ನು ಓದುವುದು ಕಷ್ಟವಲ್ಲ. ಪಿ 0705 ಬಂದರೆ ಲಿವರ್ ಎಲ್ಲಿದೆ ಎಂದು ತಿಳಿಸುವ ಸ್ವಿಚ್ಚಿನ ದಾರಿಯಲ್ಲಿ ದೋಷ. ಅದು ಬಾಕ್ಸಿನ ಹೊರಮೈಯಲ್ಲೇ, ಕೆಸರು ಎರಚುವ ಜಾಗದಲ್ಲಿ ಕೂತಿರುತ್ತದೆ. ಪಿ 0715 ಒಳಬರುವ ಶಾಫ್ಟಿನ ವೇಗದ ಸೆನ್ಸರಿನದು, ಪಿ 0720 ಹೊರಹೋಗುವ ಶಾಫ್ಟಿನದು. ಪಿ 0562 ಎಂದರೆ ವೋಲ್ಟೇಜೇ ಕಡಿಮೆ; ಹಾಗಿದ್ದರೆ ಮೇಲೆ ಹೇಳಿದ ಬ್ಯಾಟರಿ ಕೆಲಸಕ್ಕೆ ಮರಳಿ ಹೋಗಿ, ಉಳಿದ ಕೋಡುಗಳನ್ನು ಸದ್ಯ ನಂಬಬೇಡಿ. ಸೊಲೆನಾಯ್ಡಿನ ಕೋಡುಗಳಲ್ಲಿ ಕೊನೆಯ ಅಂಕಿಯನ್ನು ಗಮನಿಸಿ. ಪಿ 0753 ಎಂದರೆ ಮೊದಲನೇ ಶಿಫ್ಟ್ ಸೊಲೆನಾಯ್ಡಿನ ವಿದ್ಯುತ್ ದೋಷ. ಪಿ 0751 ಎಂದರೆ ಅದೇ ಸೊಲೆನಾಯ್ಡಿಗೆ ಕರೆಂಟು ಸರಿಯಾಗಿ ಹೋದರೂ ಕೆಲಸ ಆಗಿಲ್ಲ, ಅಂದರೆ ಕಡ್ಡಿ ಸಿಕ್ಕಿಕೊಂಡಿದೆ ಅಥವಾ ಎಣ್ಣೆಯಲ್ಲಿ ಕಸವಿದೆ. ಟಾರ್ಕ್ ಕನ್ವರ್ಟರಿನ ವಿಷಯದಲ್ಲೂ ಹೀಗೇ: ಪಿ 0743 ವಿದ್ಯುತ್ತಿನದು, ಪಿ 0741 ಯಂತ್ರದ್ದು ಅಥವಾ ಎಣ್ಣೆಯದು. ಒಂದು ಅಂಕಿಯ ವ್ಯತ್ಯಾಸದಲ್ಲಿ ಒಂದು ತುಂಡು ವೈರಿನ ಕೆಲಸಕ್ಕೂ ಬಾಕ್ಸು ಇಳಿಸುವ ಕೆಲಸಕ್ಕೂ ಇರುವ ಅಂತರ ಅಡಗಿದೆ. ಯು 0101 ಬಂದರೆ ಟಿಸಿಎಂ ಜೊತೆ ಮಾತೇ ಕಡಿದಿದೆ ಎಂದರ್ಥ. ಕಾರಿನ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವುದು ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಎಂಬ ಪದ್ಧತಿಯಲ್ಲಿ, ಒಂದರ ಸುತ್ತ ಇನ್ನೊಂದನ್ನು ಹೆಣೆದ ಎರಡು ವೈರುಗಳ ಮೇಲೆ. ಬ್ಯಾಟರಿ ಬಿಚ್ಚಿ ಆ ಹದಿನಾರು ಪಿನ್ನಿನ ಕನೆಕ್ಟರಿನ 6 ಮತ್ತು 14ರ ನಡುವೆ ಅಳೆದರೆ ಹೆಚ್ಚಿನ ಕಾರುಗಳಲ್ಲಿ 60 ಓಮ್ ಸಿಗಬೇಕು. 120 ಬಂದರೆ ಎಲ್ಲೋ ಒಂದು ಕಡೆ ವೈರು ಕಡಿದಿದೆ.

ಕೋಡು ತೋರಿಸುವುದು ಒಂದು ದಾರಿಯನ್ನು. ದಾರಿಯಲ್ಲಿ ಎಲ್ಲಿ ತೊಂದರೆ ಎಂದು ಅಳೆದು ಹುಡುಕಬೇಕಾದ್ದು ಮನುಷ್ಯ. ಈ ಹಂತವನ್ನೇ ಬಿಟ್ಟು ನೇರವಾಗಿ ಬಿಡಿಭಾಗ ಬದಲಿಸುವುದರಿಂದಲೇ ದೊಡ್ಡ ಬಿಲ್ಲುಗಳು ಹುಟ್ಟುವುದು.

ಪಿ 0753 ಬಂದಿದೆ ಎಂದಿಟ್ಟುಕೊಳ್ಳಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟಿಸಿಎಂ ಕನೆಕ್ಟರ್ ಕಳಚಿ, ಆ ಸೊಲೆನಾಯ್ಡಿನ ವೈರು ಬರುವ ಪಿನ್ನಿನಿಂದ ಅರ್ಥಿಂಗಿಗೆ ಓಮ್ ಅಳೆಯಬೇಕು. ತೆರೆದು ಮುಚ್ಚುವ ಸೊಲೆನಾಯ್ಡ್‌ಗಳಲ್ಲಿ ಸಾಮಾನ್ಯವಾಗಿ 10ರಿಂದ 30 ಓಮ್ ಒಳಗೆ ಇರುತ್ತದೆ. ಒತ್ತಡ ಹೊಂದಿಸುವವುಗಳಲ್ಲಿ 5ರ ಆಸುಪಾಸು. ನಿಖರ ಅಂಕಿ ಆಯಾ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಈಗ ಗೇರ್ ಬಾಕ್ಸಿನ ಮೇಲಿನ ಕನೆಕ್ಟರ್ ಕಳಚಿ, ಬಾಕ್ಸಿನ ಪಿನ್ನಿನಲ್ಲೇ ಅಳೆಯಿರಿ. ಎರಡೂ ಕಡೆ 14 ಓಮ್ ಬಂದರೆ ಸುರುಳಿಯೂ ವೈರೂ ಸದ್ಯಕ್ಕೆ ಸರಿ. ಬಾಕ್ಸಿನಲ್ಲಿ 14 ಬಂದು ಟಿಸಿಎಂ ಕಡೆಯಲ್ಲಿ 40 ಬಂದರೆ, ಅಥವಾ ಮೀಟರ್ ಏನೂ ತೋರಿಸದಿದ್ದರೆ, ದೋಷ ಇವೆರಡರ ನಡುವಿನ ವೈರಿನಲ್ಲೇ ಇದೆ. ಬಾಕ್ಸು ನಿರಪರಾಧಿ. ಇನ್ನೊಂದು ಸೂಕ್ಷ್ಮ: ಬಿಸಿಯಾದಂತೆ ತಾಮ್ರದ ಓಮ್ ಏರುತ್ತದೆ. ತಣ್ಣಗಿದ್ದಾಗ 14 ಇರುವ ಸುರುಳಿ ಎಣ್ಣೆ 100 ಡಿಗ್ರಿಗೆ ಬಂದಾಗ 18 ತೋರಿಸುವುದು ಸಹಜ. ಅದನ್ನು ದೋಷ ಎಂದುಕೊಳ್ಳಬಾರದು. ಬಿಸಿಯಾದಾಗ ಒಮ್ಮೆಲೇ ಸಂಪರ್ಕ ತಪ್ಪಿದರೆ ಮಾತ್ರ ಸುರುಳಿ ಒಳಗೆ ಬಿಟ್ಟುಕೊಂಡಿದೆ. ವೇಗದ ಸೆನ್ಸರುಗಳಲ್ಲಿ ಮೂರು ವೈರಿನವು ಇದ್ದರೆ ಅವನ್ನು ಓಮ್‌ನಲ್ಲಿ ಅಳೆಯಲು ಹೋಗಬೇಡಿ. ಅದರೊಳಗಿರುವುದು ಎಲೆಕ್ಟ್ರಾನಿಕ್ ಚಿಪ್ಪು, ಅದಕ್ಕೆ ಬರುವ ವೋಲ್ಟೇಜು ಮತ್ತು ಹೊರಬೀಳುವ ಸಂಕೇತವನ್ನೇ ನೋಡಬೇಕು.

ಓಮ್ ಮೀಟರ್ ಹೇಳುವುದು ಪೂರ್ತಿ ಸತ್ಯವಲ್ಲ. ವೈರಿನ ಹದಿನೈದು ಎಳೆಗಳಲ್ಲಿ ಹದಿನಾಲ್ಕು ಕೊಳೆತು ಒಂದೇ ಉಳಿದಿದ್ದರೂ ಮೀಟರಿನ ಅತಿ ಸಣ್ಣ ಕರೆಂಟಿಗೆ ಅಷ್ಟು ಸಾಕು, ‘ಸರಿಯಿದೆ’ ಎನ್ನುತ್ತದೆ. ತೋಟಕ್ಕೆ ಹಾಕಿದ ಪೈಪು ಎಲ್ಲೋ ಮಡಚಿಕೊಂಡಿದ್ದರೂ ತುದಿ ಮುಚ್ಚಿದಾಗ ಒತ್ತಡ ಪೂರ್ತಿ ಇರುವಂತೆಯೇ ಕಾಣುತ್ತದೆ, ಬಿಟ್ಟಾಗಲೇ ನೀರು ಬಾರದಿರುವುದು ಗೊತ್ತಾಗುತ್ತದೆಯಲ್ಲ, ಹಾಗೆ. ಆದ್ದರಿಂದ ವೈರಿನಲ್ಲಿ ಕರೆಂಟು ಹರಿಯುತ್ತಿರುವಾಗಲೇ ಅದರ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ಅಳೆಯಬೇಕು. ಟಿಸಿಎಂನ ಅರ್ಥಿಂಗ್ ಪಿನ್ನಿನಿಂದ ಬ್ಯಾಟರಿಯ ನೆಗೆಟಿವ್‌ಗೆ, ಎಂಜಿನ್ ಓಡುವಾಗ, 0.1 ವೋಲ್ಟಿಗಿಂತ ಹೆಚ್ಚು ಬರಬಾರದು. ಅರ್ಧ ವೋಲ್ಟ್ ಬಂದರೆ ನಿಮ್ಮ ಕಳ್ಳ ಸಿಕ್ಕಿದ ಹಾಗೆಯೇ. ಇಷ್ಟೆಲ್ಲ ಅಳೆಯುವಾಗ ವೈರಿನ ಮೇಲ್ಪದರಕ್ಕೆ ಸೂಜಿ ಚುಚ್ಚುವ ಅಭ್ಯಾಸ ಅನೇಕರಿಗಿದೆ. ಒಣ ಊರಿನಲ್ಲಿ ಅದು ನಡೆದೀತು. ನಮ್ಮಲ್ಲಿ ಆ ಸೂಜಿಯ ತೂತಿನಿಂದ ತೇವ ಒಳಹೊಕ್ಕು ಮುಂದಿನ ಮಳೆಗಾಲದ ಹೊತ್ತಿಗೆ ತಾಮ್ರ ಹಸಿರುಪುಡಿಯಾಗುತ್ತದೆ. ಕನೆಕ್ಟರಿನ ಹಿಂಬದಿಯಿಂದ ತೆಳು ಪಿನ್ನು ಇಳಿಸಿ ಅಳೆಯುವಂತೆ ಹೇಳಿ. ಚುಚ್ಚಿದ್ದೇ ಆದರೆ ಆ ಜಾಗವನ್ನು ಮುಚ್ಚಲೇಬೇಕು.

ಈಗ ಮಳೆಯ ವಿಷಯಕ್ಕೆ ಬರೋಣ. ನೀರು ಹೋಗುವ ದಾರಿಗಳು ಮುಖ್ಯವಾಗಿ ಎರಡು. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ, ಪ್ಲಾಸ್ಟಿಕ್ ಜಾಲರಿ ಇದೆ. ಅದರ ಕೆಳಗೆ ನೀರು ಹೊರಹೋಗುವ ಸಣ್ಣ ತೂತುಗಳು. ಮರದಡಿ ನಿಲ್ಲಿಸಿದ ಕಾರಿನಲ್ಲಿ, ಸೋಗೆಯ ಚೂರು ಉದುರುವ ಮಾಡಿನಡಿ ನಿಂತ ಕಾರಿನಲ್ಲಿ, ದರಕು ಮತ್ತು ಸೋಗೆಪುಡಿ ಸೇರಿ ಆ ತೂತುಗಳು ಕಟ್ಟಿಕೊಳ್ಳುತ್ತವೆ. ತುಂಬಿದ ನೀರು ಒಳಗಿನ ಗೋಡೆಯ ಸಂದಿನಿಂದ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಇಳಿಯುತ್ತದೆ. ಅಲ್ಲಿಯೇ ಫ್ಯೂಸ್ ಬಾಕ್ಸು, ಕೆಲವು ಕಾರುಗಳಲ್ಲಿ ಟಿಸಿಎಂ ಕೂಡ. ಕಾಲಡಿಯ ಮ್ಯಾಟ್ ಎತ್ತಿ ಕೆಳಗಿನ ಹಾಸು ಒದ್ದೆಯಿದೆಯೇ ಮುಟ್ಟಿ ನೋಡಿ. ನಿಮ್ಮ ಮಾಡಿನ ವಿವರ ಓದಿದಾಗ ನನಗೆ ಮೊದಲು ಬಂದ ಅನುಮಾನ ಇದೇ. ಇನ್ನೊಂದು ದಾರಿ ಕೆಳಗಿನಿಂದ: ಕೆಸರುನೀರು ಎರಚಿ ಗೇರ್ ಬಾಕ್ಸಿನ ಕನೆಕ್ಟರಿನ ರಬ್ಬರ್ ಬಳೆ ಸಡಿಲವಾಗಿದ್ದರೆ ಒಳಗೆ ಸೇರುತ್ತದೆ. ಕನೆಕ್ಟರ್ ಬಿಚ್ಚಿದಾಗ ಪಿನ್ನುಗಳು ಹೊಳೆಯಬೇಕು. ಹಸಿರು ಅಥವಾ ಬಿಳಿ ಪುಡಿ ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ರಬ್ಬರ್ ಬಳೆ ಬದಲಿಸಿ ಕೂರಿಸಬೇಕು.

ಬೇಸಿಗೆಯಲ್ಲಿ ದೋಷ ಕಾಣುವುದಿಲ್ಲವಾದ್ದರಿಂದ ಅದನ್ನು ಬರಿಸಬೇಕಾಗುತ್ತದೆ. ಸ್ಕ್ಯಾನರ್ ಜೋಡಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಲಿವರ್ ‘ಪಿ’ಯಲ್ಲಿಟ್ಟು, ಎಂಜಿನ್ ಓಡಿಸಿ. ಸ್ವಚ್ಛ ಬಾಟಲಿಯಿಂದ ಒಂದೊಂದೇ ಕನೆಕ್ಟರಿನ ಮೇಲೆ ನೀರು ಚಿಮುಕಿಸುತ್ತ, ವೈರುಗಳನ್ನು ಮೆಲ್ಲಗೆ ಅಲುಗಿಸುತ್ತ ಪರದೆಯ ಮೇಲಿನ ಅಂಕಿಗಳನ್ನು ನೋಡಿ. ತಿರುಗುವ ಫ್ಯಾನು, ಬೆಲ್ಟುಗಳಿಂದ ಕೈ, ಪಂಚೆ, ಶಾಲು ದೂರವಿರಲಿ. ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಪಂಪನ್ನು ಮಾತ್ರ ಇದಕ್ಕೆ ಬಳಸಬೇಡಿ. ಎಷ್ಟು ತೊಳೆದರೂ ಅದರಲ್ಲಿ ಮೈಲುತುತ್ತದ ಅಂಶ ಉಳಿಯುತ್ತದೆ. ಅದು ವಿದ್ಯುತ್ತನ್ನು ಹರಿಸುತ್ತದೆ, ಅಲ್ಯೂಮಿನಿಯಮ್ಮನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಮೈಲುತುತ್ತದ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ತರುವವರೂ ಅದನ್ನು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ತರುವುದು ಒಳ್ಳೆಯದು. ಚೆಲ್ಲಿದ ಪುಡಿ ತೇವ ಹೀರಿ ಹಾಸಿನಡಿಯ ವೈರುಗಳ ತನಕ ಹೋಗುತ್ತದೆ.

ಇಲಿಗಳ ಬಗ್ಗೆ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಕೊಟ್ಟಿಗೆ ಪಕ್ಕ, ಸೋಗೆ ಮಾಡು, ಹತ್ತಿರದಲ್ಲೇ ಹಿಂಡಿ ಚೀಲವೂ ಇರಬಹುದು. ಮೇಲಾಗಿ ಮಳೆಗಾಲದ ಚಳಿಗೆ ಬೆಚ್ಚಗಿನ ಎಂಜಿನ್ನು. ಇಲಿಯ ಮುಂಬಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿಯದೆ ಅದಕ್ಕೆ ಉಪಾಯವಿಲ್ಲ. ಅದು ವೈರನ್ನು ಪೂರ್ತಿ ತುಂಡರಿಸಿದರೆ ಹುಡುಕುವುದು ಸುಲಭ. ಮೇಲ್ಪದರ ಮಾತ್ರ ಸುಲಿದು ಬಿಟ್ಟರೆ ಒಣಗಿದ್ದಾಗ ಎಲ್ಲ ಸರಿ, ಒದ್ದೆಯಾದಾಗ ದೋಷ. ನಿಮ್ಮ ಕಾರಿನ ಲಕ್ಷಣಕ್ಕೆ ಇದೂ ಸರಿಯಾಗಿ ಹೊಂದುತ್ತದೆ. ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಬ್ಯಾಟರಿ ತಟ್ಟೆಯ ಕೆಳಗೆ, ಗೇರ್ ಬಾಕ್ಸಿನ ಮೇಲ್ಭಾಗದಲ್ಲಿ ಹಿಕ್ಕೆ, ಸಿಪ್ಪೆ, ಗೂಡಿನ ಕಸ ಇದೆಯೇ ನೋಡಿ. ಕನ್ನಡಿಯೊಂದನ್ನು ಹಿಡಿದರೆ ವೈರಿನ ಕೆಳಮೈಯೂ ಕಾಣುತ್ತದೆ. ಕಡಿದದ್ದು ಹೆಚ್ಚಾಗಿ ಅಲ್ಲೇ.

ಕಡಿದ ವೈರನ್ನು ಸೇರಿಸುವ ಕೆಲಸಕ್ಕೆ ನಿಮ್ಮ ಊರಿನ ಎಲೆಕ್ಟ್ರೀಷಿಯನ್ ಸಾಕು, ಕ್ರಮ ತಪ್ಪದಿದ್ದರೆ. ತಿರುಚಿ ಟೇಪು ಸುತ್ತಿದ ಜೋಡಣೆ ನಮ್ಮ ಮಳೆಗೆ ಒಂದು ವರ್ಷವೂ ನಿಲ್ಲದು. ಎಂಜಿನ್ ಬಿಸಿಗೆ ಅಂಟು ಕರಗುತ್ತದೆ. ಹಸಿರಾದ ಭಾಗವನ್ನು ಕತ್ತರಿಸುತ್ತ ಹೋಗಿ ಕೆಂಪು ತಾಮ್ರ ಸಿಗುವ ತನಕ ಹಿಂದೆ ಸರಿಯಬೇಕು. ಅಷ್ಟೇ ದಪ್ಪದ ಹೊಸ ವೈರು ಹಾಕಿ, ಒತ್ತಿ ಕೂರಿಸುವ ಲೋಹದ ಸ್ಲೀವಿನಿಂದ ಅಥವಾ ಸೀಸದ ಬೆಸುಗೆಯಿಂದ ಸೇರಿಸಿ, ಒಳಗೆ ಅಂಟಿರುವ ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಬೇಕು. ತುದಿಯಿಂದ ಅಂಟು ಒಂದಿಷ್ಟು ಹೊರಬಂದರೆ ನೀರು ಒಳಹೋಗದು ಎಂದು ನಂಬಬಹುದು. ನಾಲ್ಕಾರು ವೈರು ಕಡಿದಿದ್ದರೆ ಎಲ್ಲ ಜೋಡಣೆಗಳೂ ಒಂದೇ ಜಾಗದಲ್ಲಿ ಬರದಂತೆ ಹಿಂದೆ ಮುಂದೆ ಮಾಡಬೇಕು. ಹೆಣೆದಿರುವ ವೈರುಗಳನ್ನು ಮತ್ತೆ ಹೆಣೆದೇ ಬಿಡಬೇಕು; ಬಿಡಿಸಿಟ್ಟರೆ ಸಂಕೇತಗಳಲ್ಲಿ ಗೊಂದಲ ಸೇರುತ್ತದೆ. ಹಳದಿ ಕನೆಕ್ಟರುಗಳು ಕಂಡರೆ ಕೈ ಹಾಕದಿರಲಿ, ಅವು ಏರ್‌ಬ್ಯಾಗಿನವು. ಇಲಿ ಬಾರದ ಹಾಗೆ ತಂಬಾಕು ಎಲೆ, ನುಸಿಗುಳಿಗೆ ಇಡುವವರಿದ್ದಾರೆ. ವಾಸನೆ ಆರಿದ ಮೇಲೆ ಇಲಿ ಮತ್ತೆ ಬರುತ್ತದೆ. ಹಿಂಡಿ ಚೀಲವನ್ನು ದೂರ ಇಡಿ, ಎಂಜಿನ್ನಿನ ಕೆಳಭಾಗದ ದಾರಿಗಳಿಗೆ ತಂತಿ ಜಾಲರಿ ಹಾಕಿಸಿ, ಮಳೆಗಾಲದಲ್ಲಿ ರಾತ್ರಿ ಬಾನೆಟ್ ತೆರೆದಿಟ್ಟು ಬೆಳಕು ಬೀಳುವಂತೆ ಮಾಡಿ. ಇಲಿಪಾಷಾಣವನ್ನು ಕಾರಿನಲ್ಲಿಟ್ಟರೆ ನಾಯಿಗೆ, ಕರುವಿಗೆ ಆಪತ್ತು.

ಇಷ್ಟಾದ ಮೇಲೂ ದೋಷ ಉಳಿದರೆ, ಟಿಸಿಎಂಗೆ ಬರುವ ಕರೆಂಟು, ಅರ್ಥಿಂಗು, ಎಲ್ಲ ವೈರುಗಳೂ ಸರಿ ಎಂದು ಅಳತೆಯಿಂದ ಸಿದ್ಧವಾದರೆ, ಆಗ ಮಾತ್ರ ಟಿಸಿಎಂ ಮೇಲೆ ಅನುಮಾನ ಪಡಬಹುದು. ನೀರು ಹೊಕ್ಕು ಅದು ಕೆಡುವುದುಂಟು. ಅನೇಕ ಕಾರುಗಳಲ್ಲಿ ಹೊಸ ಟಿಸಿಎಂಗೆ ಆ ಕಾರಿನ ಪ್ರೋಗ್ರಾಮ್ ತುಂಬಿ, ಬಾಕ್ಸಿನ ಜೊತೆ ಹೊಂದಿಸುವ ಕಲಿಕೆ ಮಾಡಿಸಬೇಕು. ಗುಜರಿಯಿಂದ ತಂದದ್ದನ್ನು ಹಾಗೇ ಸಿಕ್ಕಿಸಿದರೆ ಕಾರು ಕದಲದಿರಬಹುದು. ಕಂಪ್ಯೂಟರ್ ಭಾಗ ಕೆಡಲು ಎಷ್ಟು ಸಣ್ಣ ಕಾರಣ ಸಾಕು ಎಂಬುದಕ್ಕೆ 2013ರ ನವೆಂಬರಿನ ಒಂದು ಪ್ರಸಂಗವಿದೆ. ಫೋಕ್ಸ್‌ವ್ಯಾಗನ್ ಕಂಪನಿ ಡಿಎಸ್‌ಜಿ ಎಂಬ ಏಳು ಗೇರಿನ ಆಟೋಮ್ಯಾಟಿಕ್ ಬಾಕ್ಸು ಇರುವ ಸುಮಾರು 16 ಲಕ್ಷ ಕಾರುಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿತು. ಸಿಂಥೆಟಿಕ್ ಗೇರ್ ಎಣ್ಣೆ ತುಂಬಿದ್ದ ಬಾಕ್ಸುಗಳಲ್ಲಿ, ಬಿಸಿ ಮತ್ತು ತೇವದ ಹವೆಯಲ್ಲಿ ನಿಂತು ನಿಂತು ಓಡುವಾಗ, ಒಳಗಿನ ವಿದ್ಯುತ್ ಭಾಗ ಶಾರ್ಟ್ ಆಗಬಹುದು ಎಂಬುದು ಕಾರಣ. ಬಾಕ್ಸು ಬದಲಿಸಲಿಲ್ಲ. ಸಿಂಥೆಟಿಕ್ ಎಣ್ಣೆ ತೆಗೆದು ಖನಿಜ ಎಣ್ಣೆ ಹಾಕಿಕೊಟ್ಟರು.

ವಿದ್ಯುತ್ತಿನದಲ್ಲದ ದೋಷವೂ ಇರಬಹುದು ಎಂಬುದನ್ನು ಮುಚ್ಚಿಡಬಾರದು. ಗೇರ್ ಎಣ್ಣೆ ಕಂದಾಗಿ ಸುಟ್ಟ ವಾಸನೆ ಬಂದರೆ, ಎಂಜಿನ್ ಕೂಗಿದರೂ ಗಾಡಿ ಎಳೆಯದಿದ್ದರೆ, ಗೇರಿನ ಅನುಪಾತ ತಪ್ಪಿದೆ ಎನ್ನುವ ಪಿ 0730 ಕೋಡು ಬಂದು ಹೊರಗಿನ ಅಳತೆಗಳೆಲ್ಲ ಸರಿಯಿದ್ದರೆ, ಬಾಕ್ಸಿನ ಒಳಗೆ ನೋಡಬೇಕಾದೀತು. ಆದರೆ ನಿಮ್ಮ ಪತ್ರದಲ್ಲಿ ಅಂಥ ಲಕ್ಷಣ ಒಂದೂ ಇಲ್ಲ; ಏರಿನಲ್ಲಿ ಎಳೆಯದಿರುವುದು ಗಾಡಿ ಮೂರನೇ ಗೇರಿಗೆ ನಿಂತದ್ದರಿಂದ.

ರಿಪೇರಿ ಆಗುವ ತನಕ ದೇವಿಮನೆ ಘಟ್ಟ, ಅರಬೈಲ್ ಘಟ್ಟದ ಕಡೆ ಈ ಕಾರಿನಲ್ಲಿ ಹೋಗದಿರುವುದು ಲೇಸು. ಹೋದಾಗ ದೀಪ ಹತ್ತಿದರೆ ತಿರುವಿನಲ್ಲಿ ನಿಲ್ಲಿಸದೆ ಸ್ವಲ್ಪ ಅಗಲವಾದ ಜಾಗಕ್ಕೆ ಒಯ್ದು, ಹ್ಯಾಂಡ್ ಬ್ರೇಕ್ ಹಾಕಿ, ‘ಪಿ’ಗೆ ತಂದು, ಹಜಾರ್ಡ್ ದೀಪ ಬಿಟ್ಟು ಉಳಿದೆಲ್ಲ ಆರಿಸಿ, ಗಾಲಿಗೆ ಕಲ್ಲು ಕೊಟ್ಟು ಕಾಯಿರಿ. ಇಳಿಜಾರಿನಲ್ಲಿ ‘ಎನ್’ಗೆ ಹಾಕಿ ಬಿಡುವ ಯೋಚನೆ ಬೇಡವೇ ಬೇಡ, ಎಂಜಿನ್ನಿನ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಎಳೆಸಬೇಕಾಗಿ ಬಂದರೆ ಓಡಿಸುವ ಗಾಲಿಗಳು ನೆಲಕ್ಕೆ ತಾಗದಂತೆ ಎತ್ತಿಯೇ ಒಯ್ಯಬೇಕು. ಎಂಜಿನ್ ನಿಂತಾಗ ಬಾಕ್ಸಿನೊಳಗಿನ ಎಣ್ಣೆ ಪಂಪು ತಿರುಗುವುದಿಲ್ಲ, ಹಗ್ಗ ಕಟ್ಟಿ ಎಳೆದರೆ ಗೇರುಗಳು ಎಣ್ಣೆಯಿಲ್ಲದೆ ತಿರುಗಿ ಸುಡುತ್ತವೆ. ಹಾಗೆ ಮಾಡಿದರೆ ಚೆನ್ನಾಗಿದ್ದ ಬಾಕ್ಸು ನಿಜವಾಗಿಯೂ ಹೋಗುತ್ತದೆ.

ಗ್ಯಾರೇಜಿಗೆ ಮತ್ತೆ ಹೋದಾಗ ಜಗಳ ಬೇಡ. ಮೂರು ವಿಷಯ ಬರೆದುಕೊಡಿ ಎಂದು ಕೇಳಿ: ಟಿಸಿಎಂನಲ್ಲಿ ಸಿಕ್ಕ ಕೋಡು ಯಾವುದು, ಆ ದಾರಿಯ ಅಳತೆ ಟಿಸಿಎಂ ಕಡೆ ಎಷ್ಟು, ಬಾಕ್ಸಿನ ಕಡೆ ಎಷ್ಟು. ಕೆಲಸ ಬಲ್ಲವರು ಸಂತೋಷದಿಂದ ಕೊಡುತ್ತಾರೆ. ಕೊಡದವರಲ್ಲಿ ಬಾಕ್ಸು ಇಳಿಸಬೇಡಿ. ಶಿರಸಿಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಅಳೆದು ಹೇಳುವವರನ್ನು ಹುಡುಕಿ. ಮೊದಲು ಗಾಜಿನ ಬುಡದ ದರಕು ತೆಗೆದು, ಕಾಲಡಿಯ ಹಾಸು ಮುಟ್ಟಿ ನೋಡಿ, ಬೆಳಗಿನ ಬ್ಯಾಟರಿ ವೋಲ್ಟೇಜ್ ಅಳೆಯಿರಿ. ಆಮೇಲೆ ಕೋಡಿನ ಸಂಖ್ಯೆ ಮತ್ತು ಎರಡೂ ಕಡೆಯ ಓಮ್ ಬರೆದು ಕಳಿಸಿದರೆ, ಮುಂದೆ ಯಾವ ವೈರಿನ ಮೇಲೆ ಕೈ ಇಡಬೇಕು ಎಂಬುದನ್ನು ಇದೇ ಅಂಕಣದಲ್ಲಿ ಬರೆಯುತ್ತೇನೆ.